ಮೊದಲು ಕಾಗದ, ಆಮೇಲೆ ಕತ್ತರಿ

ಪ್ರಶ್ನೆ: ಅಕ್ಕಾ, ಲೈನಿಂಗ್ ಬ್ಲೌಸ್ ಒಂದಕ್ಕೆ ಈಗ ಹೊಲಿಗೆ ಕೂಲಿಯೇ 450 ರೂಪಾಯಿ ಕೊಡುತ್ತಿದ್ದೇನೆ. ನನಗೂ ಅತ್ತೆಯವರಿಗೂ ಸೇರಿ ವರ್ಷಕ್ಕೆ ಎಂಟು ಬ್ಲೌಸಾದರೂ ಬೇಕು, ಇಬ್ಬರು ಮಕ್ಕಳ ಬಟ್ಟೆ ಬೇರೆ. ಕಾಗದದ ಪ್ಯಾಟರ್ನ್ ಇಟ್ಟು ಬಟ್ಟೆ ಕತ್ತರಿಸುವುದನ್ನು ಮೊಬೈಲಿನಲ್ಲಿ ನೋಡಿ ನನಗೂ ಆಸೆಯಾಗಿದೆ. ಗುಂಡಿ ಹಚ್ಚುವುದು ಬಿಟ್ಟರೆ ಹೊಲಿಗೆ ನನಗೆ ಬಾರದು. ಪ್ಯಾಟರ್ನ್ ಹಿಡಿದುಕೊಂಡೇ ಮನೆಯಲ್ಲಿ ಹೊಲಿಯಲು ಸಾಧ್ಯವೇ? ನಿಜವಾಗಿಯೂ ದುಡ್ಡು ಉಳಿಯುತ್ತದೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಸಾಧ್ಯ. ದುಡ್ಡೂ ಉಳಿಯುತ್ತದೆ, ಮೊದಲ ವರ್ಷ ಮಾತ್ರ ಉಳಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಉಮೇದಿನಿಂದ ಮಷೀನು ತಂದು, ಮೂರು ತಿಂಗಳಿಗೆ ಅದರ ಮೇಲೆ ಒಗೆದ ಬಟ್ಟೆ ಪೇರಿಸಿಡುವ ಮನೆಗಳನ್ನು ನಾನು ಬಹಳ ನೋಡಿದ್ದೇನೆ.

ನಿಮ್ಮ ಲೆಕ್ಕವನ್ನೇ ಹಿಡಿಯೋಣ. ಎಂಟು ಬ್ಲೌಸಿಗೆ ತಲಾ 450ರಂತೆ ವರ್ಷಕ್ಕೆ 3,600 ರೂಪಾಯಿ ಕೂಲಿ. ಒಳ್ಳೆಯ ಸ್ಥಿತಿಯ ಹಳೆ ಮಷೀನೊಂದು 4,500ಕ್ಕೆ ಸಿಕ್ಕಿತು, ಕತ್ತರಿ, ಟೇಪು, ದಾರಕ್ಕೆ ಇನ್ನೊಂದು ಸಾವಿರ ಆಯಿತು ಎಂದುಕೊಳ್ಳಿ. ಒಟ್ಟು 5,500. ಮೊದಲ ವರ್ಷ ಎಂಟರಲ್ಲಿ ನಾಲ್ಕು ಬ್ಲೌಸು ಟೇಲರ್ ಹತ್ತಿರವೇ ಹೋಗುತ್ತವೆ, ಹಾಗಾಗಿ ಉಳಿಯುವುದು 1,800. ಎರಡನೆಯ ವರ್ಷ ಎಂಟನ್ನೂ ನೀವೇ ಹೊಲಿದರೆ 3,600. ಎರಡು ವರ್ಷಕ್ಕೆ 5,400 ಆಯಿತು, ಹಾಕಿದ ದುಡ್ಡು ಹೆಚ್ಚುಕಡಿಮೆ ಕೈಗೆ ಬಂತು. ಮಕ್ಕಳ ಬಟ್ಟೆ, ಒಳಲಂಗ, ಚೀಲಗಳನ್ನೂ ಹೊಲಿದರೆ ಇನ್ನೂ ಬೇಗ ಬರುತ್ತದೆ. ಮನೆಯಲ್ಲಿ ಅತ್ತೆಯವರದೋ ಅಮ್ಮನದೋ ಕಾಲು ಮಷೀನು ಇದ್ದರಂತೂ ಮೊದಲ ವರ್ಷವೇ ಲಾಭ.

ಆದರೆ ಈ ಲೆಕ್ಕದಲ್ಲಿ ಒಂದು ಖರ್ಚನ್ನು ಯಾರೂ ಹಿಡಿಯುವುದಿಲ್ಲ. ಕಲಿಯುವವರ ಕೈಯಲ್ಲಿ ಕೆಡುವ ಬಟ್ಟೆಯದು ಅದು. ನಾನು ಹೊಸದಾಗಿ ಕಲಿಯುತ್ತಿದ್ದಾಗ ಅಕ್ಕನ ಕುಬಸಕ್ಕೆಂದು ತಂದಿದ್ದ ಗುಳೇದಗುಡ್ಡದ ಖಣದಲ್ಲಿ ಎರಡು ತೋಳನ್ನೂ ಎಡಗೈಗೇ ಆಗುವ ಹಾಗೆ ಕತ್ತರಿಸಿಬಿಟ್ಟೆ. ಖಣದ ಮೇಲ್ಮೈ ಬೇರೆ, ಒಳಮೈ ಬೇರೆ. ತಿರುವಿ ಹಾಕಲು ಬರುವುದಿಲ್ಲ. ಬೇರೆ ಖಣ ತರಲು ದುಡ್ಡೂ ಇರಲಿಲ್ಲ, ಸಮಯವೂ ಇರಲಿಲ್ಲ. ಅಕ್ಕ ಏನೂ ಅನ್ನಲಿಲ್ಲ, ನನಗೆ ಮಾತ್ರ ಇಂದಿಗೂ ಅದು ನೆನಪಿದೆ. ಆ ತೋಳನ್ನು ಮೊದಲು ಹಳೆ ಪೇಪರಿನಲ್ಲಿ ಕತ್ತರಿಸಿ ನೋಡಿದ್ದರೆ ಕೆಡುತ್ತಿದ್ದುದು ಒಂದು ಹಾಳೆ ಮಾತ್ರ.

ಪ್ಯಾಟರ್ನಿನ ನಿಜವಾದ ಉಪಯೋಗ ಇದೇ. ತಪ್ಪು ಮಾಡಲು ಅದು ನಮಗೊಂದು ಅಗ್ಗದ ಜಾಗ ಕೊಡುತ್ತದೆ. ತಪ್ಪೆಲ್ಲ ಕಾಗದದ ಮೇಲೆ ಮುಗಿದರೆ, ಮುಂದಿನ ಹತ್ತಾರು ಬ್ಲೌಸಿಗೆ ಅದೇ ಕಾಗದ ಸಾಕು. ಆದ್ದರಿಂದ ಬಟ್ಟೆಯಲ್ಲಿ ಎಷ್ಟು ಉಳಿಸಲಿ ಎನ್ನುವ ಚಿಂತೆ ಆಮೇಲೆ ಇರಲಿ. ನಿಮ್ಮ ಮೈಗೆ ಸರಿಯಾಗಿ ಕೂರುವ ಒಂದು ಕಾಗದ ಮೊದಲು ಸಿದ್ಧವಾಗಲಿ.

ಪ್ಯಾಟರ್ನ್ ನಿಮ್ಮ ಬೀರುವಿನಲ್ಲೇ ಇದೆ

ಅಳತೆಗೊಂದರಂತೆ ಕಾಗದ ಕತ್ತರಿಸಿ ಮಾರುವ ವ್ಯಾಪಾರವನ್ನು ದೊಡ್ಡದಾಗಿ ಬೆಳೆಸಿದವನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಟರ್ಲಿಂಗ್ ಎಂಬ ಊರಿನ ದರ್ಜಿ ಎಬೆನೀಜರ್ ಬಟರಿಕ್. ಅವನು ಅದನ್ನು ಶುರುಮಾಡಿದ್ದು 1863ರಲ್ಲಿ. ಅದಕ್ಕೂ ಮೊದಲು ಪತ್ರಿಕೆಗಳಲ್ಲಿ ಒಂದೇ ಅಳತೆಯ ಚಿತ್ರ ಬರುತ್ತಿತ್ತು; ಅದನ್ನು ಮಕ್ಕಳ ಮೈಗೆ, ತಮ್ಮ ಮೈಗೆ ಹಿಗ್ಗಿಸಿ ಕುಗ್ಗಿಸಿಕೊಳ್ಳುವ ಪಾಡು ಮನೆಯ ಹೆಂಗಸರದಾಗಿತ್ತು. ಮಗುವಿಗೆ ಬಟ್ಟೆ ಹೊಲಿಯಲು ಹೊರಟ ಹೆಂಡತಿ ಎಲೆನ್ ಈ ಕಷ್ಟ ಹೇಳಿಕೊಂಡದ್ದರಿಂದಲೇ ಬಟರಿಕ್‌ಗೆ ಇದು ಹೊಳೆಯಿತೆಂದು ಹೇಳುವುದುಂಟು. ಮೊದಲು ದಪ್ಪ ಕಾಗದದಲ್ಲಿ ಮಾಡಿ, ಮಡಚಿ ಕಳಿಸಲು ಅನುಕೂಲವೆಂದು ಆಮೇಲೆ ತೆಳ್ಳನೆಯ ಕಾಗದಕ್ಕೆ ಬಂದ.

ನಮ್ಮ ಕಡೆ ಕಾಗದ ಕೊಳ್ಳುವ ರೂಢಿ ಬೆಳೆಯಲಿಲ್ಲ. ನಮ್ಮ ಟೇಲರ್‌ಗಳು ಟೇಪು ಹಿಡಿದು ನೇರವಾಗಿ ಬಟ್ಟೆಯ ಮೇಲೇ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾರೆ. ಅವರ ಪ್ಯಾಟರ್ನ್ ಅವರ ಕೈಯಲ್ಲೇ ಇರುತ್ತದೆ. ಹಾಗೆಂದು ನಮಗೆ ಪ್ಯಾಟರ್ನೇ ಇರಲಿಲ್ಲವೆಂದಲ್ಲ. ಟೇಲರ್ ಅಂಗಡಿಗೆ ಹೋಗುವಾಗ ಹೊಸ ಬಟ್ಟೆಯ ಜೊತೆ ಒಂದು ಹಳೆ ಬ್ಲೌಸನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತೇವಲ್ಲ, ಆ ‘ಅಳತೆ ಬ್ಲೌಸು’ ಏನು ಮತ್ತೆ? ನಿಮ್ಮ ಮೈಯನ್ನು ಬಲ್ಲ, ನಿಮಗೆಂದೇ ತಿದ್ದಿದ, ಬಿಡಿಗಾಸೂ ಬೇಡದ ಪ್ಯಾಟರ್ನ್ ಅದು. ಅದನ್ನು ಕಾಗದಕ್ಕೆ ಇಳಿಸುವುದಷ್ಟೇ ನಿಮ್ಮ ಕೆಲಸ. ಅಲ್ಲಿಗೆ ಹೋಗುವ ಮೊದಲು ಸಾಮಾನು, ಬಟ್ಟೆ ಮತ್ತು ಒಂದು ಸುಲಭದ ಪಾಠ ಮುಗಿಸೋಣ.

ಏನು ಕೊಳ್ಳಬೇಕು, ಏನು ಬೇಡ

ನೇರ ಹೊಲಿಗೆ ಬೀಳುವ ಯಾವ ಮಷೀನಾದರೂ ಸಾಕು. ನೂರೆಂಟು ಡಿಸೈನ್ ಹಾಕುವ ಮಷೀನಿಗೆ ಸಾಲ ಮಾಡಬೇಡಿ. ಹಳೆಯದನ್ನು ಕೊಳ್ಳುವಾಗ ಮನೆಯಿಂದ ಎರಡು ತುಂಡು ಕಾಟನ್ ಬಟ್ಟೆ, ಎರಡು ಬಣ್ಣದ ದಾರ ಒಯ್ಯಿರಿ. ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ ಹಾಕಿ ಎರಡು ಪದರದ ಮೇಲೆ ಒಂದು ಗೇಣು ಹೊಲಿಯಿರಿ. ಮೇಲ್ಗಡೆ ಬಿಳಿ ಚುಕ್ಕೆ ಕಂಡರೆ ಮೇಲಿನ ದಾರ ಬಿಗಿ. ಕೆಳಗಡೆ ಕೆಂಪು ಚುಕ್ಕೆ ಕಂಡರೆ ಅದು ಸಡಿಲ. ಟೆನ್ಷನ್ ತಿರುಪು ತಿರುಗಿಸಿದಾಗ ಸರಿಹೋದರೆ ಮಷೀನು ಆರೋಗ್ಯವಾಗಿದೆ. ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ ನೋಡಿ. ಎಲ್ಲೂ ಹಿಡಿಯಬಾರದು, ಸೂಜಿ ಹಿಡಿಯುವ ಕಂಬಿ ಅಲುಗಾಡಬಾರದು.

ಸೂಜಿಯಲ್ಲಿ ಕಂಜೂಸುತನ ಬೇಡ. ತೆಳು ಬಟ್ಟೆಗೆ 11ನೇ ನಂಬರ್, ಮಾಮೂಲಿ ಕಾಟನ್‌ಗೆ 14, ಜೀನ್ಸ್, ಚೀಲದ ಬಟ್ಟೆಗೆ 16. ಹೊಲಿಗೆ ನಡುನಡುವೆ ತಪ್ಪುತ್ತಿದ್ದರೆ ಮಷೀನನ್ನು ಬೈಯುವ ಮೊದಲು ಸೂಜಿ ಬದಲಿಸಿ. ತೊಂದರೆ ಬಹಳ ಸಲ ಅಲ್ಲೇ ಇರುತ್ತದೆ. ಹೊಲಿಗೆಯ ಉದ್ದ ಇಂಚಿಗೆ ಹತ್ತರಂತೆ ಇಟ್ಟುಕೊಂಡರೆ ಕಾಟನ್‌ಗೆ ಸರಿ.

ಕತ್ತರಿ ಒಂದು ಒಳ್ಳೆಯದು ಇರಲಿ, ಅದನ್ನು ಬಟ್ಟೆಗೇ ಮೀಸಲಿಡಿ. ಕಾಗದ ಕತ್ತರಿಸಿದರೆ ಅದರ ಹರಿತ ಹೋಗುತ್ತದೆ, ಕಾಗದಕ್ಕೆ ಬೇರೆ ಹಳೆ ಕತ್ತರಿ ಇಟ್ಟುಕೊಳ್ಳಿ. ಟೇಪು, ಸೀಮೆಸುಣ್ಣ, ಗುಂಡುಪಿನ್ನು, ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ, ಇಸ್ತ್ರಿಪೆಟ್ಟಿಗೆ. ಇಷ್ಟೇ. ಕಚ್ಚಾ ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮಷೀನು ಬೇಡ. ಸೀರೆಗೆ ಫಾಲು, ಪೀಕೋ ಮಾಡುವ ಅಂಗಡಿಯಲ್ಲಿ ಸ್ವಲ್ಪ ದುಡ್ಡಿಗೆ ಓವರ್‌ಲಾಕ್ ಮಾಡಿಸಿಕೊಳ್ಳಬಹುದು. ಅದೂ ಬೇಡವೆಂದರೆ, ಬಟ್ಟೆಯ ಒಳಮೈ ಒಳಮೈ ಸೇರಿಸಿ ಕಾಲು ಇಂಚಿಗೆ ಒಂದು ಹೊಲಿಗೆ ಹಾಕಿ, ತಿರುವಿ, ಮೇಲ್ಮೈಗಳನ್ನು ಸೇರಿಸಿ ಅದಕ್ಕಿಂತ ತುಸು ಹೆಚ್ಚು ಒಳಗೆ ಇನ್ನೊಂದು ಹೊಲಿಗೆ ಹಾಕಿ. ಕಚ್ಚಾ ಅಂಚು ಒಳಗೇ ಮುಚ್ಚಿಹೋಗುತ್ತದೆ, ಎಳೆ ಬಿಚ್ಚುವುದಿಲ್ಲ. ಮಕ್ಕಳ ಬಟ್ಟೆಗಂತೂ ಇದಕ್ಕಿಂತ ಮೃದುವಾದ ಹೊಲಿಗೆ ಬೇರೆ ಇಲ್ಲ.

ಬಟ್ಟೆ ಎಲ್ಲಿಂದ?

ಉಡಿ ತುಂಬಿದಾಗ, ಅರಿಶಿನ ಕುಂಕುಮಕ್ಕೆ ಕರೆದಾಗ, ಗೌರಿ ಬಾಗಿನದಲ್ಲಿ ಬಂದ ಬ್ಲೌಸ್ ಪೀಸುಗಳು ನಿಮ್ಮ ಮನೆಯಲ್ಲೂ ಒಂದು ಕಟ್ಟು ಇದ್ದೇ ಇರುತ್ತವೆ. ಅವು ಒಂದು ಮನೆಯಿಂದ ಇನ್ನೊಂದು ಮನೆಗೆ ಮಡಿಕೆ ಬಿಚ್ಚದೆ ತಿರುಗುತ್ತಿರುತ್ತವೆ. ಆ ತಿರುಗಾಟವನ್ನು ನೀವು ನಿಲ್ಲಿಸಿ. ಪ್ಯಾಟರ್ನ್ ಪರೀಕ್ಷೆಗೆ, ಚೀಲದ ಒಳಪದರಕ್ಕೆ, ಮಗುವಿನ ಜಬಲಕ್ಕೆ, ಉಡಿ ತುಂಬಿದವರ ಹರಕೆಯೂ ಸೇರಿದ ಆ ಬಟ್ಟೆಗಿಂತ ಒಳ್ಳೆಯದು ಯಾವುದು?

ಎರಡನೆಯದು ಹಳೆ ಸೀರೆ. ಐದೂವರೆ ಮೀಟರಿನ ಕಾಟನ್ ಸೀರೆಯಲ್ಲಿ ಸವೆಯುವುದು ಸೊಂಟಕ್ಕೆ ಸಿಕ್ಕಿಸುವ ಭಾಗ ಮತ್ತು ಕಾಲಿನ ಹತ್ತಿರದ ಅಂಚು. ಬೆಳಕಿಗೆ ಹಿಡಿದು ನೋಡಿ, ತೆಳ್ಳಗಾದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ, ಉಳಿದದ್ದರಲ್ಲಿ ಕತ್ತರಿಸಿ. ಮೂರನೆಯದು ಯಜಮಾನರ ಹಳೆ ಅಂಗಿ. ಕಾಲರು, ಕಫು ಸವೆದಿರುತ್ತವೆ, ಬೆನ್ನು ಗಟ್ಟಿಯಾಗಿರುತ್ತದೆ. ಅದರ ಗುಂಡಿ ಪಟ್ಟಿಯನ್ನು ಹಾಗೇ ಉಳಿಸಿಕೊಂಡು ಮಗಳ ಫ್ರಾಕಿನ ಬೆನ್ನಿಗೆ ಬರುವಂತೆ ಕತ್ತರಿಸಿದರೆ, ಕಲಿಯುವವರಿಗೆ ಅತಿ ಕಷ್ಟದ ಕೆಲಸವಾದ ಗುಂಡಿ, ಕಾಜಾ ಎರಡೂ ತಯಾರಾಗಿಯೇ ಸಿಗುತ್ತವೆ.

ಕೊಳ್ಳುವುದೇ ಆದರೆ ಕಟ್‌ಪೀಸ್ ಅಂಗಡಿ ನೋಡಿ. ಹುಬ್ಬಳ್ಳಿಯ ದುರ್ಗದ ಬೈಲು ನಿಮಗೆ ದೂರವಲ್ಲ. ಬೆಂಗಳೂರಿಗೆ ಹೋದಾಗ ಚಿಕ್ಕಪೇಟೆ, ಗುಂಡಿ, ಲೇಸು, ದಾರಗಳಿಗೆ ಮಾಮೂಲ್ ಪೇಟೆ. ಗಾಂಧಿ ಜಯಂತಿಯ ಹೊತ್ತಿಗೆ ಖಾದಿ ಭಂಡಾರಗಳಲ್ಲಿ ರಿಯಾಯಿತಿ ಇರುತ್ತದೆ. ಅಂಗಡಿಯಲ್ಲಿ ಮೀಟರಿನ ದರ ಕೇಳುವ ಮೊದಲು ಪನ್ನ, ಅಂದರೆ ಬಟ್ಟೆಯ ಅಗಲ, ಎಷ್ಟೆಂದು ಕೇಳಿ. 36 ಇಂಚಿನ ಪನ್ನದ ಬಟ್ಟೆ ಅಗ್ಗವೆನಿಸಿದರೂ 58 ಇಂಚಿನದರಲ್ಲಿ ಅದಕ್ಕಿಂತ ಕಡಿಮೆ ಉದ್ದ ಸಾಕಾಗಬಹುದು. ಪ್ಯಾಟರ್ನಿನ ಕಾಗದಗಳನ್ನು ನೆಲದ ಮೇಲೆ ಆ ಅಗಲಕ್ಕೆ ಜೋಡಿಸಿ ನೋಡಿ ಹೋದರೆ ಎಷ್ಟು ಬೇಕೆಂಬುದು ಖಚಿತವಾಗಿ ತಿಳಿಯುತ್ತದೆ.

ಇನ್ನೊಂದು ಮಾತು. ಕಾಟನ್ ಬಟ್ಟೆಯನ್ನು ಕತ್ತರಿಸುವ ಮೊದಲು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಮೀಟರಿಗೆ ಮೂರರಿಂದ ಐದು ಸೆಂಟಿಮೀಟರ್ ಕುಗ್ಗುವುದು ಸಾಮಾನ್ಯ. ಬ್ಲೌಸಿನ ಲೈನಿಂಗಿಗೆ ಇದು ಇನ್ನೂ ಮುಖ್ಯ. ಮೊದಲ ಒಗೆತಕ್ಕೆ ಬ್ಲೌಸು ಸುಕ್ಕುಗಟ್ಟಿ, ಒಳಗಿನಿಂದ ಯಾರೋ ಎಳೆದು ಹಿಡಿದಂತೆ ಕಾಣುವುದಕ್ಕೆ ಹೆಚ್ಚಾಗಿ ಕಾರಣ ನೆನೆಸದ ಲೈನಿಂಗು.

ಮೊದಲ ಪಾಠ: ಒಂದೇ ಓರೆ ಗೆರೆಯ ಒಳಲಂಗ

ಬ್ಲೌಸಿನಿಂದ ಶುರುಮಾಡಬೇಡಿ. ಹೆಣ್ಣುಮಕ್ಕಳ ಉಡುಗೆಯಲ್ಲಿ ಅತಿ ಸೂಕ್ಷ್ಮ ಅಳತೆ ಬೇಡುವುದು ಅದೇ. ಒಳಲಂಗದಿಂದ ಶುರುಮಾಡಿ, ತಪ್ಪಿದರೂ ಸೀರೆಯ ಒಳಗಿರುತ್ತದೆ.

36 ಇಂಚು ಪನ್ನದ ಪಾಪ್ಲಿನ್ ಎರಡೂಕಾಲು ಮೀಟರ್ ತನ್ನಿ. ನೆನೆಸಿ ಒಣಗಿಸಿದ ಮೇಲೆ ಉದ್ದವನ್ನು ಸಮನಾಗಿ ಎರಡು ತುಂಡು ಮಾಡಿ. ಒಂದು ತುಂಡನ್ನು ನೆಲದ ಮೇಲೆ ಹಾಸಿ. ಮೇಲಿನ ಅಂಚಿನಲ್ಲಿ ಎಡದಿಂದ 12 ಇಂಚಿಗೆ ಒಂದು ಚುಕ್ಕೆ ಇಡಿ. ಕೆಳಗಿನ ಅಂಚಿನಲ್ಲಿ ಎಡದಿಂದ 24 ಇಂಚಿಗೆ ಇನ್ನೊಂದು. ಎರಡನ್ನೂ ಸೇರಿಸಿ ಓರೆಯಾಗಿ ಗೆರೆ ಎಳೆದು ಕತ್ತರಿಸಿ. ಈಗ ನಿಮ್ಮ ಕೈಯಲ್ಲಿ ಎರಡು ಕಲಿಗಳಿವೆ: ಎಡದ್ದಕ್ಕೆ ಮೇಲೆ 12, ಕೆಳಗೆ 24, ಬಲದ್ದಕ್ಕೆ ಮೇಲೆ 24, ಕೆಳಗೆ 12. ಬಲದ್ದನ್ನು ತಲೆಕೆಳಗು ಮಾಡಿದರೆ ಎರಡೂ ಒಂದೇ. ಇನ್ನೊಂದು ತುಂಡನ್ನೂ ಹೀಗೇ ಕತ್ತರಿಸಿದರೆ ನಾಲ್ಕು ಕಲಿ. ಒಂದು ಚೂರು ಬಟ್ಟೆಯೂ ಪೋಲಾಗಲಿಲ್ಲ, ನೋಡಿದಿರಾ?

ಒಂದು ಕಲಿಯ ಓರೆ ಬದಿಯನ್ನು ಪಕ್ಕದ ಕಲಿಯ ನೇರ ಬದಿಗೆ ಸೇರಿಸುತ್ತ ಹೋಗಿ. ಓರೆ ಬದಿ ಎಳೆದರೆ ಹಿಗ್ಗುತ್ತದೆ. ನೇರ ಬದಿ ಅದನ್ನು ಹಿಡಿದಿಡುತ್ತದೆ. ಹೊಲಿಗೆಯನ್ನು ಯಾವಾಗಲೂ ಸೊಂಟದ ಕಡೆಯಿಂದ ಶುರುಮಾಡಿ. ಓರೆ ಬದಿ ಸುಮಾರು ಒಂದೂವರೆ ಇಂಚು ಉದ್ದವಿರುವುದರಿಂದ ಕೆಳಗೆ ಮೂಲೆಗಳು ಹೊರಚಾಚುತ್ತವೆ, ಕೊನೆಯಲ್ಲಿ ಅವನ್ನು ಗುಂಡಾಗಿ ಕತ್ತರಿಸಿ ಸರಿಮಾಡಿ. ಮೇಲೆ ಸುತ್ತಳತೆ 48 ಇಂಚು. ನಾಲ್ಕು ಹೊಲಿಗೆಗೆ ಒಂದೊಂದು ಇಂಚು ಹೋದರೂ 44 ಉಳಿಯುತ್ತದೆ. ಪೃಷ್ಠದ ಅಳತೆ 40 ಇಂಚಿನ ಒಳಗಿದ್ದವರಿಗೆ ಪಕ್ಕದಲ್ಲಿ ಸೀಳು ಬಿಡದೆಯೂ ಆರಾಮಾಗಿ ಹಾಕಿ ತೆಗೆಯಲು ಬರುತ್ತದೆ. ಮೇಲೆ ಒಂದೂವರೆ ಇಂಚು ಮಡಚಿ ಲಾಡಿಗೆ ದಾರಿ ಮಾಡಿ, ಕೆಳಗೆ ಒಂದೂವರೆ ಇಂಚು ಮಡಚಿ ಹೊಲಿದರೆ ಸುಮಾರು 39 ಇಂಚಿನ ಲಂಗ ಸಿದ್ಧ. ನೇರ ಹೊಲಿಗೆ, ಓರೆ ಹೊಲಿಗೆ, ಮಡಿಕೆ ಹೊಲಿಗೆ ಮೂರೂ ಇದೊಂದರಲ್ಲೇ ಕೈಗೆ ಬರುತ್ತವೆ. ಇಂಥ ಮೂರು ಲಂಗ ಹೊಲಿಯುವಷ್ಟರಲ್ಲಿ ಮಷೀನಿನ ಭಯ ಬಿಟ್ಟಿರುತ್ತದೆ.

ಅಳತೆ ಬ್ಲೌಸು ಕಾಗದಕ್ಕೆ ಇಳಿಯುವುದು

ಈಗ ಬ್ಲೌಸು. ಹೊಲಿಗೆ ಸರಿಯಾಗಿ ಕೂರುತ್ತಿದ್ದ, ಆದರೆ ಬಟ್ಟೆ ಮಾಸಿದ ಒಂದು ಹಳೆ ಬ್ಲೌಸು ಆರಿಸಿ. ಮೊದಲ ಸಲಕ್ಕೆ ನಾಲ್ಕು ಡಾಟಿನ (ಚೂಪಾಗಿ ಹಿಡಿದ ಮಡಿಕೆ ಹೊಲಿಗೆಯ) ಸಾದಾ ಬ್ಲೌಸು ಇರಲಿ, ಕಟೋರಿ, ಪ್ರಿನ್ಸೆಸ್ ಕಟ್ ಈಗಲೇ ಬೇಡ. ಬಿಚ್ಚುವ ಮೊದಲು ಒಮ್ಮೆ ತೊಟ್ಟು ಕನ್ನಡಿಯ ಮುಂದೆ ನಿಂತು ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಬಲಗಡೆಯ ಅರ್ಧವನ್ನು ಮಾತ್ರ ಬಿಚ್ಚಿ. ಎಡಗಡೆ ಹಾಗೇ ಇದ್ದರೆ ಯಾವ ತುಂಡು ಎಲ್ಲಿ ಸೇರುತ್ತದೆ ಎಂಬುದಕ್ಕೆ ಅದೇ ನಿಮ್ಮ ಗುರು.

ಬಿಚ್ಚಿದ ತುಂಡುಗಳನ್ನು ಎಳೆಯದೆ, ಒತ್ತಿ ಒತ್ತಿ ಇಸ್ತ್ರಿ ಮಾಡಿ ಖಾಕಿ ಕಾಗದದ ಮೇಲೆ ಇಡಿ. ಬೆನ್ನಿನ ಅರ್ಧ, ಮುಂಭಾಗದ ಒಂದು ಕಡೆ, ತೋಳು, ಕೆಳಗಿನ ಪಟ್ಟಿ: ಇಷ್ಟೇ ತುಂಡುಗಳು. ಸುತ್ತ ಎರಡು ಗೆರೆ ಬೇಕು. ಒಳಗಿನದು ಹೊಲಿಗೆ ಬೀಳುವ ಗೆರೆ, ಹೊರಗಿನದು ಕತ್ತರಿಸುವ ಗೆರೆ. ಇವೆರಡರ ನಡುವೆ ಕತ್ತಿಗೆ ಕಾಲು ಇಂಚು, ಭುಜಕ್ಕೂ ಕಂಕುಳಿಗೂ ಅರ್ಧ ಇಂಚು, ಕೆಳಗೆ ಒಂದು ಇಂಚು, ಪಕ್ಕಕ್ಕೆ ಒಂದೂವರೆ ಇಂಚು ಬಿಡಿ. ಪ್ರತಿ ತುಂಡಿನ ಮೇಲೂ ಬಟ್ಟೆಯ ಉದ್ದದ ಎಳೆ ಯಾವ ಕಡೆ ಹೋಗಬೇಕೆಂದು ಬಾಣದ ಗುರುತು ಹಾಕಿ. ಬೆನ್ನಿನ ನಡುವೆ ‘ಮಡಿಕೆ’ ಎಂದು ಬರೆಯಿರಿ. ತೋಳಿನ ಮೇಲೆ ‘ಎರಡು ಪದರ’ ಎಂದು ಬರೆಯಲು ಮರೆಯಬೇಡಿ. ಬಟ್ಟೆಯನ್ನು ಮಡಚಿ ಎರಡು ಪದರದಲ್ಲಿ ಒಟ್ಟಿಗೆ ಕತ್ತರಿಸಿದರೆ ಒಂದು ಎಡ, ಒಂದು ಬಲ ತಾನಾಗಿ ಬರುತ್ತವೆ. ನನ್ನ ಖಣ ಕೆಟ್ಟದ್ದು ಈ ಒಂದು ಮಾತು ಗೊತ್ತಿಲ್ಲದೆ.

ಪಕ್ಕದಲ್ಲಿ ಅಷ್ಟೊಂದು ಬಟ್ಟೆ ಏಕೆ ಬಿಡಬೇಕು ಎಂದು ನೀವು ಕೇಳಬಹುದು. ನಮ್ಮ ಟೇಲರ್‌ಗಳ ಅತಿ ದೊಡ್ಡ ಜಾಣ್ಮೆ ಅದರಲ್ಲಿದೆ. ಎರಡು ಪಕ್ಕ, ಒಟ್ಟು ನಾಲ್ಕು ಅಂಚು. ಒಂದೊಂದರಲ್ಲೂ ಒಂದು ಇಂಚು ಬಿಚ್ಚಿಕೊಂಡರೆ ಸುತ್ತಳತೆಯಲ್ಲಿ ನಾಲ್ಕು ಇಂಚಿನವರೆಗೆ ಸಡಿಲ ಸಿಗುತ್ತದೆ. ಬಸಿರು, ಬಾಣಂತನ, ವಯಸ್ಸು ಎಲ್ಲವನ್ನೂ ಒಂದೇ ಬ್ಲೌಸು ತಾಳಿಕೊಳ್ಳುತ್ತದೆ. ಅಮೆರಿಕದ ದೊಡ್ಡ ಕಂಪನಿಗಳ ಪ್ಯಾಟರ್ನಿನಲ್ಲಿ ಹೊಲಿಗೆಗೆಂದು ಬಿಡುವುದು ಒಂದೂವರೆ ಸೆಂಟಿಮೀಟರ್ ಮಾತ್ರ, ಅದರಲ್ಲಿ ಬಿಚ್ಚಿಕೊಳ್ಳಲು ಏನೂ ಇರುವುದಿಲ್ಲ. ಕಡಿಮೆ ಖರ್ಚಿನ ಹೊಲಿಗೆ ಎಂದರೆ ನನ್ನ ಮಟ್ಟಿಗೆ ಹೆಚ್ಚು ವರ್ಷ ಮೈಮೇಲಿರುವ ಹೊಲಿಗೆ.

ಕಾಗದ ಸಿದ್ಧವಾದ ಮೇಲೆ ಬಾಗಿನದ ಬ್ಲೌಸ್ ಪೀಸಿನಲ್ಲಿ ಒಂದು ಪರೀಕ್ಷೆಯ ಬ್ಲೌಸು ಹೊಲಿಯಿರಿ. ಲೈನಿಂಗ್ ಬೇಡ, ಹುಕ್ಕು ಬೇಡ, ಉದ್ದನೆಯ ಕಚ್ಚಾ ಹೊಲಿಗೆ ಸಾಕು, ಮುಂದೆ ಪಿನ್ನು ಹಾಕಿಕೊಳ್ಳಿ. ತೊಟ್ಟು ಕೈ ಎತ್ತಿ, ಇಳಿಸಿ, ಬಗ್ಗಿ ನೋಡಿ. ಭುಜದಿಂದ ಜಾರುತ್ತಿದ್ದರೆ ಕತ್ತು ಅಗಲವಾಗಿದೆ, ಕಾಗದದಲ್ಲಿ ಕಾಲು ಇಂಚು ಒಳಗೆ ತನ್ನಿ. ಕೈ ಎತ್ತಿದಾಗ ಇಡೀ ಬ್ಲೌಸೇ ಮೇಲೇಳುತ್ತಿದ್ದರೆ ಕಂಕುಳು ಆಳವಾಗಿದೆ. ಇದನ್ನು ಬಹಳ ಮಂದಿ ಬಿಗಿಯೆಂದು ತಿಳಿದು ಇನ್ನೂ ಆಳ ಕತ್ತರಿಸುತ್ತಾರೆ, ತೊಂದರೆ ಇಮ್ಮಡಿಯಾಗುತ್ತದೆ. ಕಂಕುಳಿನ ಗೆರೆಯನ್ನು ಮೇಲಕ್ಕೆ ತಂದರೆ ಕೈ ಸಲೀಸಾಗುತ್ತದೆ.

ಎದೆಯ ಬಳಿ ಪಿನ್ನುಗಳ ನಡುವೆ ಬಟ್ಟೆ ಬಾಯಿ ಬಿಡುತ್ತಿದ್ದರೆ ಪಕ್ಕದಲ್ಲಿ ಬಿಚ್ಚುವುದರಿಂದ ಸರಿಹೋಗುವುದಿಲ್ಲ. ಮುಂಭಾಗದ ಕಾಗದವನ್ನು ಕೆಳ ಅಂಚಿನಿಂದ ಎದೆಯ ತುದಿಯ ಮೂಲಕ ಭುಜದವರೆಗೆ ಕತ್ತರಿಸಿ, ಭುಜದ ಹತ್ತಿರ ಕೂದಲೆಳೆಯಷ್ಟು ಅಂಟಿರಲಿ. ಎದೆಯ ಬಳಿ ಅರ್ಧ ಇಂಚು ಬಿಡಿಸಿ, ಹಿಂದೆ ಬೇರೆ ಕಾಗದ ಅಂಟಿಸಿ. ಅರ್ಧ ಮೈಯ ಕಾಗದದಲ್ಲಿ ಅರ್ಧ ಇಂಚು ಎಂದರೆ ಪೂರ್ತಿ ಎದೆಗೆ ಒಂದು ಇಂಚು ಸಿಕ್ಕಿತು. ಸೊಂಟದ ಕಡೆ ಹೆಚ್ಚಾದದ್ದನ್ನು ಡಾಟಿನಲ್ಲಿ ಹಿಡಿಯಿರಿ.

ತಿದ್ದಿದ ಪ್ರತಿ ಗೆರೆಯನ್ನೂ ಕೆಂಪು ಪೆನ್ನಿನಲ್ಲಿ ಎಳೆದು ಪಕ್ಕದಲ್ಲಿ ತಾರೀಖು ಹಾಕಿ. ಎರಡು ಪರೀಕ್ಷೆಯಲ್ಲಿ ಕಾಗದ ಒಂದು ಹದಕ್ಕೆ ಬರುತ್ತದೆ. ಅದನ್ನು ದೊಡ್ಡ ಲಕೋಟೆಯಲ್ಲಿ ಹಾಕಿ, ಮೇಲೆ ಯಾರದು, ಎಷ್ಟು ಬಟ್ಟೆ ಬೇಕು, ಯಾವ ಸೂಜಿ ಎಂದು ಬರೆದಿಡಿ. ಅತ್ತೆಯವರದಕ್ಕೆ ಬೇರೆ ಲಕೋಟೆ. ಮುಂದೆ ತೋಳು ಉದ್ದ ಮಾಡುವುದು, ಕತ್ತಿನ ಆಕಾರ ಬದಲಿಸುವುದು ಎಲ್ಲವನ್ನೂ ಇದೇ ಕಾಗದದ ಮೇಲೆ ಮಾಡಬಹುದು. ಚೂಡಿದಾರದ ಟಾಪಿಗೂ ಇದೇ ಬುನಾದಿ, ಸಡಿಲು ಮಾತ್ರ ಹೆಚ್ಚು: ಬ್ಲೌಸಿಗೆ ಎದೆಯಳತೆಗಿಂತ ಒಂದೆರಡು ಇಂಚು ಸಾಕಾದರೆ ಟಾಪಿಗೆ ಮೂರು ನಾಲ್ಕು ಇಂಚು ಬೇಕು.

ಮೊಬೈಲಿನಲ್ಲಿ ಸಿಗುವ ಪ್ಯಾಟರ್ನ್

ಅಂತರ್ಜಾಲದಲ್ಲಿ ಪುಕ್ಕಟೆ ಪ್ಯಾಟರ್ನುಗಳು ಸಿಗುತ್ತವೆ. ಮಕ್ಕಳ ಫ್ರಾಕು, ಪೈಜಾಮ, ಅಡುಗೆಮನೆಯ ಏಪ್ರನ್, ಟೋಪಿ, ಚೀಲಗಳಿಗೆ ಅವು ಚೆನ್ನಾಗಿವೆ. ಎ4 ಹಾಳೆಗಳಲ್ಲಿ ಪ್ರಿಂಟ್ ಹಾಕಿ ಅಂಟಿಸಿಕೊಳ್ಳಬೇಕು. ಮೊದಲ ಹಾಳೆಯಲ್ಲಿ ಒಂದು ಪರೀಕ್ಷೆಯ ಚೌಕ ಇರುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಆ ಒಂದು ಹಾಳೆಯನ್ನಷ್ಟೇ ಪ್ರಿಂಟ್ ಮಾಡಿಸಿ, ಅಲ್ಲೇ ಟೇಪಿನಿಂದ ಅಳೆದು ನೋಡಿ. ಪುಟಕ್ಕೆ ಹೊಂದಿಸುವಂತೆ ಕಂಪ್ಯೂಟರಿನಲ್ಲಿ ಆರಿಸಿದ್ದರೆ ಎಲ್ಲವೂ ಕುಗ್ಗಿ ಬರುತ್ತದೆ. ನೂರಕ್ಕೆ ನೂರು ಅಳತೆಯಲ್ಲಿ ಕೊಡಿ ಎಂದು ಹೇಳಿ. ಹಾಳೆಗಳು ಬಹಳವಾದರೆ ಮನೆಯ ಪ್ಲಾನ್ ಪ್ರಿಂಟ್ ಮಾಡುವ ಅಂಗಡಿಯಲ್ಲಿ ಎ0 ಹಾಳೆ ಕೇಳಿ. ಅದೊಂದು ಹಾಳೆ ಹದಿನಾರು ಎ4 ಹಾಳೆಗೆ ಸಮ, ಅಂಟಿಸುವ ಕೆಲಸ ತಪ್ಪುತ್ತದೆ.

ಹೊರದೇಶದ ಪ್ಯಾಟರ್ನ್ ಬಳಸುವಾಗ ಮೂರು ಎಚ್ಚರ ಇರಲಿ. ಸೈಜಿನ ನಂಬರನ್ನು ನಂಬಬೇಡಿ, ಅವರು ಕೊಟ್ಟ ಮೈಯಳತೆಯ ಪಟ್ಟಿಯೊಡನೆ ನಿಮ್ಮ ಟೇಪಿನ ಅಳತೆ ಹೋಲಿಸಿ. ಹೊಲಿಗೆಗೆ ಬಟ್ಟೆ ಸೇರಿಸಿದ್ದಾರೆಯೇ ಓದಿ. ಜರ್ಮನಿಯ ಬುರ್ದಾ ಪತ್ರಿಕೆಯ ಪ್ಯಾಟರ್ನಿನಲ್ಲಿ ಅದು ಸೇರಿರುವುದಿಲ್ಲ, ನಾವೇ ಬಿಟ್ಟುಕೊಳ್ಳಬೇಕು. ಆ ಪತ್ರಿಕೆಯ ಸಾಮಾನ್ಯ ಸೈಜುಗಳನ್ನು 168 ಸೆಂಟಿಮೀಟರ್, ಅಂದರೆ ಐದೂವರೆ ಅಡಿ ಎತ್ತರದ ಹೆಂಗಸಿಗೆಂದು ಬರೆದಿರುತ್ತಾರೆ. ನೀವು ಅದಕ್ಕಿಂತ ಕುಳ್ಳಗಿದ್ದರೆ ಉದ್ದವನ್ನು ಕೆಳ ಅಂಚಿನಲ್ಲಿ ಮಾತ್ರ ಕತ್ತರಿಸಬೇಡಿ. ಎದೆಗೂ ಸೊಂಟಕ್ಕೂ ನಡುವೆ ಅಡ್ಡಗೆರೆ ಎಳೆದು ಅಲ್ಲೇ ಕಾಗದವನ್ನು ಮಡಚಿದರೆ ಸೊಂಟ ಸೊಂಟದ ಜಾಗದಲ್ಲೇ ಕೂರುತ್ತದೆ.

ಚೂರುಗಳಿಗೂ ಒಂದು ಕೆಲಸ

ಕತ್ತರಿಸಿ ಉಳಿದದ್ದನ್ನು ಎಸೆಯಬೇಡಿ. ನಮ್ಮ ಉತ್ತರ ಕರ್ನಾಟಕದ ಕೌದಿ ಹುಟ್ಟಿದ್ದೇ ಹಳೆ ಸೀರೆ, ಹರಿದ ಧೋತರಗಳಿಂದ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗಳ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು ಇಡುತ್ತಾರೆ; ಅದಿಲ್ಲದಿದ್ದರೆ ಕೌದಿ ಪೂರ್ತಿಯಾಗದು. ಬಡತನದಲ್ಲೂ ಅಂದವನ್ನು ಬಿಟ್ಟುಕೊಡದ ಆ ಕೈಗಳನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ.

ನೀವು ಒಂದು ಸಂಚಿಯಿಂದ ಶುರುಮಾಡಿ. ಅಜ್ಜಿಯಂದಿರು ಎಲೆ ಅಡಿಕೆಗೆ ಸೊಂಟಕ್ಕೆ ಸಿಕ್ಕಿಸುತ್ತಿದ್ದರಲ್ಲ, ಅದರ ಸರಳ ರೂಪ. 9 ಇಂಚು ಅಗಲ, 22 ಇಂಚು ಉದ್ದದ ತುಂಡನ್ನು ನಡುವೆ ಮಡಚಿ, ಆಗಲೇ ಹೇಳಿದ ಎರಡು ಸಲದ ಹೊಲಿಗೆಯಲ್ಲಿ ಎರಡು ಪಕ್ಕ ಮುಚ್ಚಿ, ಬಾಯಿಯಿಂದ ಎರಡು ಇಂಚು ಬಿಟ್ಟುಕೊಳ್ಳಿ. ಆ ಎರಡು ಇಂಚನ್ನು ಹೊರಗೆ ಮಡಚಿ ಹೊಲಿದು ದಾರ ಪೋಣಿಸಿ. ಮೊಬೈಲ್ ಚಾರ್ಜರಿಗೆ, ಮಕ್ಕಳ ಪೆನ್ಸಿಲ್‌ಗೆ, ತರಕಾರಿಗೆ ಆಗುತ್ತದೆ. ಮಷೀನು ಬರುವ ಮೊದಲೇ ಇದನ್ನು ಕೈಯಲ್ಲೇ ಹೊಲಿಯಬಹುದು. ಮುಂದಿನ ಅರಿಶಿನ ಕುಂಕುಮಕ್ಕೆ ಬ್ಲೌಸ್ ಪೀಸಿನ ಬದಲು ನೀವೇ ಹೊಲಿದ ಸಂಚಿಯಲ್ಲಿ ಎಲೆ ಅಡಿಕೆ ಇಟ್ಟು ಕೊಡಿ. ಪಡೆದವರು ಅದನ್ನು ಇನ್ನೊಬ್ಬರಿಗೆ ದಾಟಿಸುವುದಿಲ್ಲ, ಬಳಸುತ್ತಾರೆ.

ಕ್ಲಾಸು ಬೇಕೇ, ಟೇಲರ್ ಬೇಡವೇ?

ಪ್ಯಾಟರ್ನ್ ಹಿಡಿದು ಒಬ್ಬರೇ ಕಲಿಯಬಹುದು. ಹಾಗಿದ್ದರೂ ಒಂದು ತಿಂಗಳು ಬಿಡುವು ಮಾಡಿಕೊಳ್ಳಲು ಆಗುವುದಾದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಬ್ಯಾಂಕುಗಳು ದೇಶದ ಜಿಲ್ಲೆ ಜಿಲ್ಲೆಯಲ್ಲಿ ಇಂಥ ಸಂಸ್ಥೆ ನಡೆಸುತ್ತಿವೆ. ಹೊಲಿಗೆ ತರಬೇತಿ ಅಲ್ಲಿ ಉಚಿತ, ಊಟ ವಸತಿಯೂ ಉಚಿತ. ಹೊಲಿಗೆಯಿಂದ ನಾಲ್ಕು ಕಾಸು ದುಡಿಯುವ ಆಲೋಚನೆ ಇದ್ದರೆ ಇದು ಒಳ್ಳೆಯ ದಾರಿ.

ಟೇಲರ್ ಅಂಗಡಿಯ ದಾರಿಯನ್ನು ಪೂರ್ತಿ ಮರೆಯಬೇಡಿ. ಮದುವೆಯ ರೇಷ್ಮೆ ಬ್ಲೌಸು, ಪ್ಯಾಡು ಹಾಕಿದ್ದು, ಎಂಬ್ರಾಯ್ಡರಿ ಬ್ಲೌಸು ಅವರ ಕೈಗೇ ಹೋಗಲಿ. ಹತ್ತು ಬ್ಲೌಸು ಹೊಲಿದ ಮೇಲೆ ನಿಮಗೇ ತಿಳಿಯುತ್ತದೆ, ಲೈನಿಂಗ್ ಬ್ಲೌಸೊಂದರಲ್ಲಿ ಎಷ್ಟು ಹೊತ್ತಿನ ದುಡಿಮೆ ಇದೆ ಎಂದು. ಆಗ 450 ರೂಪಾಯಿ ಕೊಡುವಾಗ ಕೈ ಹಿಂಜರಿಯುವುದಿಲ್ಲ. ದಿನ ಬಳಕೆಯದು ಮನೆಯಲ್ಲಿ, ವಿಶೇಷದ್ದು ಟೇಲರ್ ಕೈಯಲ್ಲಿ. ನನ್ನ ಮನೆಯಲ್ಲಿ ಇಂದಿಗೂ ಹೀಗೇ ನಡೆದಿದೆ.

ಈಗ ಬೀರು ತೆಗೆದು ಬಾಗಿನದ ಬ್ಲೌಸ್ ಪೀಸುಗಳ ಕಟ್ಟು ಬಿಚ್ಚಿ. ಸಂಚಿಗೆ ಒಂದು, ಪರೀಕ್ಷೆಗೆ ಎರಡು, ಕಾಟನ್ನಿನವು ಸಿಕ್ಕಿದರೆ ಆರಿಸಿಕೊಳ್ಳಿ. ನಾಳೆ ಬೆಳಗ್ಗೆ ಒಣಗಲು ಹಾಕಬೇಕು, ಇಂದು ರಾತ್ರಿ ಮಲಗುವ ಮುನ್ನ ಅವನ್ನು ಬಕೆಟ್ಟಿನಲ್ಲಿ ನೆನೆಹಾಕಿಬಿಡಿ.